ಓದುಗರ ಪ್ರಶ್ನೆ: 'ಪತ್ತೆಯಾಗಿಲ್ಲ' ಅಂದರೆ 'ಇಲ್ಲ' ಅಂತಲೇನಾ?

ಪ್ರಶ್ನೆ: ಕಾಪುವಿನಲ್ಲಿ ನಾವು ಅಕ್ಕತಂಗಿಯರು ಸೇರಿ ಮನೆಯಲ್ಲೇ ಮಾಲ್ಟ್ ಹುಡಿ, ಚಕ್ಕುಲಿ ಮಾಡುತ್ತೇವೆ. ಹುಡಿಗೆ ರಾಗಿ, ಗೋಧಿ, ಹೆಸರು, ಸ್ವಲ್ಪ ಸೋಯಾ. ಜರ್ಮನಿಯ ವ್ಯಾಪಾರಿಯೊಬ್ಬರು ಕುಲಾಂತರಿ (ಹೊರಗಿನ ಜೀನ್ ಸೇರಿಸಿದ ಬೆಳೆಯ) ಅಂಶ ಇಲ್ಲ ಎಂಬ ಲ್ಯಾಬ್ ರಿಪೋರ್ಟ್ ಕೇಳಿದರು. ಹುಡಿಯ ಒಂದು ಪ್ಯಾಕೆಟ್, ಚಕ್ಕುಲಿ ಕರಿಯುವ ರಿಫೈನ್ಡ್ ಸೋಯಾ ಎಣ್ಣೆಯ ಒಂದು ಬಾಟಲಿ ಕಳಿಸಿದೆವು. ಎರಡಕ್ಕೂ 'ಪತ್ತೆಯಾಗಿಲ್ಲ' ಎಂದು ಬಂದಿದೆ. ಸಾಕಲ್ವಾ?

ಉತ್ತರ: ಹುಡಿಗೆ ಸಾಕಾಗಬಹುದು ಅಕ್ಕ, ಎಣ್ಣೆಗೆ ಖಂಡಿತ ಸಾಲದು. ರಿಪೋರ್ಟನ್ನು ಇನ್ನೊಮ್ಮೆ ತೆಗೆದು ನೋಡಿ. '35ಎಸ್', 'ನಾಸ್' ಎಂಬ ಎರಡು ಸಾಲು ಇರುತ್ತವೆ. ಹೊರಗಿನಿಂದ ಸೇರಿಸಿದ ಜೀನ್ ಎಲ್ಲಿ ಶುರು, ಎಲ್ಲಿ ಮುಗಿಯಬೇಕು ಎಂದು ಹೇಳುವ ಡಿಎನ್ಎ ತುಂಡುಗಳು ಅವು. ಬಹಳಷ್ಟು ಕುಲಾಂತರಿ ಬೆಳೆಗಳಲ್ಲಿ ಇವೇ ಇರುವುದರಿಂದ ಡಿಎನ್ಎ ತುಂಡನ್ನು ನಕಲು ಮಾಡಿ ಮಾಡಿ ಪತ್ತೆಹಚ್ಚುವ ಪಿಸಿಆರ್ ಯಂತ್ರದಲ್ಲಿ ಮೊದಲು ಇವನ್ನೇ ಹುಡುಕುತ್ತಾರೆ. (35ಎಸ್ ಬಂದದ್ದು ಹೂಕೋಸಿಗೆ ತಗಲುವ ಒಂದು ವೈರಸ್‌ನಿಂದ. ಹಾಗಾಗಿ ರೋಗ ಬಂದ ಹೂಕೋಸು ಬೆರೆತಿದ್ದರೂ ಅದು 'ಇದೆ' ಎಂದು ತೋರಿಸಬಹುದು.)

ಈಗ 'ಲೆಕ್ಟಿನ್' ಎಂಬ ಸಾಲು ಹುಡುಕಿ. ಅದು ಸೋಯಾದ ಸ್ವಂತ ಜೀನ್, ನಾಟಿ ಸೋಯಾದಲ್ಲೂ ಇರುತ್ತದೆ. ಅದು 'ಪತ್ತೆಯಾಗಿದೆ' ಎಂದಿದ್ದರೆ ಮಾತ್ರ ಸ್ಯಾಂಪಲ್‌ನಿಂದ ಸೋಯಾ ಡಿಎನ್ಎ ಸರಿಯಾಗಿ ಸಿಕ್ಕಿದೆ ಎಂದರ್ಥ. ಹುರಿದಾಗ ಡಿಎನ್ಎ ತುಂಡಾಗುತ್ತದೆ, ಆದರೂ ಸಣ್ಣ ತುಂಡುಗಳು ಉಳಿಯುತ್ತವೆ, ಪರೀಕ್ಷೆ ನಡೆಯುತ್ತದೆ. ರಿಫೈನ್ಡ್ ಎಣ್ಣೆಯಲ್ಲಿ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಅಲ್ಲಿ ಲೆಕ್ಟಿನ್ನೇ ಸಿಗದಿದ್ದರೆ 35ಎಸ್ ಸಿಗಲಿಲ್ಲ ಎಂಬುದಕ್ಕೆ ಏನು ಬೆಲೆ ಮಾರಾಯ್ರೆ? ನಮ್ಮಲ್ಲಿ ಕುಲಾಂತರಿ ಸೋಯಾ ಬೆಳೆಯಲು ಅನುಮತಿ ಇಲ್ಲ, ನಿಜ. ಆದರೆ ಸೋಯಾ ಎಣ್ಣೆ ಅರ್ಜೆಂಟೀನಾ, ಬ್ರೆಜಿಲ್‌ನಿಂದ ಹಡಗುಗಟ್ಟಲೆ ಬರುತ್ತದೆ, ಅಲ್ಲಿ ಬೆಳೆಯುವುದು ಹೆಚ್ಚಿನದೂ ಕುಲಾಂತರಿಯೇ. ಎಣ್ಣೆಗೆ ಬೇಕಾದದ್ದು ಗಾಣಕ್ಕೆ ಹಾಕುವ ಮೊದಲಿನ ಕಾಳಿನ ರಿಪೋರ್ಟ್. ಅದನ್ನು ಮಾರಿದವರಲ್ಲೇ ಕೇಳಿ, ಕೊಡದಿದ್ದರೆ ತೆಂಗಿನೆಣ್ಣೆಯಲ್ಲಿ ಕರಿಯಿರಿ.

ಒಂದೇ ಪ್ಯಾಕೆಟ್ ಕಳಿಸಿದ್ದೂ ಕಡಿಮೆಯಾಯಿತು. ಸಾವಿರ ಸೋಯಾ ಕಾಳಿನಲ್ಲಿ ಒಂದು ಕುಲಾಂತರಿ ಇದ್ದರೆ, ಅದು ಸ್ಯಾಂಪಲ್‌ಗೆ ಬರುವ ಸಾಧ್ಯತೆ 95 ಪ್ರತಿಶತ ಆಗಬೇಕಾದರೆ ಸುಮಾರು 3,000 ಕಾಳು ಬೇಕು. ಚೀಲದ ಬಾಯಿಂದ ಒಂದು ಬೊಗಸೆ ತೆಗೆದರೆ ಆಗದು. ಪ್ರತಿ ಚೀಲದ ಮೇಲೆ, ನಡುವೆ, ತಳದಲ್ಲಿ ತೆಗೆದು, ಬೆರೆಸಿ, ಅದರಲ್ಲಿ ಅರ್ಧ ಕಿಲೋ ಕಳಿಸಿ. ಹುರಿಯುವ ಮೊದಲೇ.

ಮತ್ತೊಂದು ಮಾತು. ಯುರೋಪಿನಲ್ಲಿ ಅನುಮತಿ ಇರುವ ಕುಲಾಂತರಿ ತಳಿ, ಅದೂ ತಿಳಿಯದೆ ಬೆರೆತದ್ದಾದರೆ, 0.9 ಪ್ರತಿಶತದವರೆಗೆ 'ಕುಲಾಂತರಿ' ಎಂಬ ಲೇಬಲ್ ಬೇಡ. ಲೆಕ್ಕ ಇಡೀ ಹುಡಿಯ ಮೇಲಲ್ಲ, ಒಂದೊಂದು ಸಾಮಾನಿನ ಮೇಲೆ. ಹುಡಿಯಲ್ಲಿ ಸೋಯಾ ನೂರಕ್ಕೆ ಹತ್ತೇ ಭಾಗ ಇದ್ದರೂ ಆ ಹತ್ತರಲ್ಲೇ ಲೆಕ್ಕ ಹಾಕುತ್ತಾರೆ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ.

ಪ್ರಶ್ನೆ: ಉಡುಪಿಯ ರಥಬೀದಿಯ ಹತ್ತಿರ ಕೊಳ್ಳುವ ಮಟ್ಟುಗುಳ್ಳ ಬದನೆಯೂ ಕುಲಾಂತರಿ ಎನ್ನುತ್ತಾರೆ, ಹೌದಾ?

ಉತ್ತರ: ಅಲ್ಲ. ಹುಳ ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬಿಟಿ ಬದನೆಯನ್ನು 2010ರ ಫೆಬ್ರವರಿಯಲ್ಲೇ ಕೇಂದ್ರ ಸರ್ಕಾರ ತಡೆಹಿಡಿದಿದೆ, ಇವತ್ತಿಗೂ ನಮ್ಮ ರೈತರು ಅನುಮತಿ ಪಡೆದು ಬೆಳೆಯುತ್ತಿರುವ ಕುಲಾಂತರಿ ಬೆಳೆ 2002ರಲ್ಲಿ ಬಂದ ಬಿಟಿ ಹತ್ತಿ ಒಂದೇ. ತೊಟ್ಟಿನಲ್ಲಿ ಮುಳ್ಳು ನೋಡಿಕೊಂಡು, ಎಳೆಯದನ್ನು ಆರಿಸಿ, ಸುಮ್ನೆ ಹೆದರದೆ ಸಾಂಬಾರು ಮಾಡಿ.