ಹೆಸರಿನ ಮಾತು: ಮೊಮ್ಮಗಳನ್ನು ‘ನೀವ್’ ಎಂದು ಕರೆಯುವುದು ಹೇಗೆ?

ಗದಗಕ್ಕೆ ಮರಳುವ ಮುಂಚೆ ನಾನು ಐರ್ಲೆಂಡಿನ ಸ್ಲೈಗೋ ಎಂಬ ಊರಿನಲ್ಲಿ 19 ವರ್ಷ ಹೆರಿಗೆ ವಾರ್ಡಿನ ನರ್ಸ್ ಆಗಿದ್ದೆ ಎಂದು ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿಲ್ಲ. ಮಗ ಡಬ್ಲಿನ್ನಿನಲ್ಲಿದ್ದಾನೆ, ಸೊಸೆ ಅಲ್ಲಿಯವಳು, ಮಗುವಿನ ಹೆಸರು ಓದಲು ಬರುತ್ತಿಲ್ಲ, ಅರ್ಥ ಏನು ಹೇಳಿ ಎಂದು ಕೇಳಿದವರೇ ಹೆಚ್ಚು. ಈ ಸಲದ ಪುಟ ಪೂರ್ತಿ ಅವರಿಗೇ.

ಪ್ರಶ್ನೆ: ಅಕ್ಕೋರೆ, ನನ್ನ ಮಗ ಐರ್ಲೆಂಡಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿದ್ದಾನೆ, ಬಂಗಾರದಂಥ ಸೊಸೆ. ಈಗ ಹೆಣ್ಣುಕೂಸು. ಹೆಸರು ಕಳಿಸಿದ್ದಾರೆ: ಎನ್, ಐ, ಎ, ಎಂ, ಎಚ್. ನಾವೆಲ್ಲ ‘ನಿಯಂ’ ಎಂದು ಓದಿದೆವು. ಮಗ ಫೋನಿನಲ್ಲಿ ‘ಅದು ನೀವ್, ಅವ್ವಾ’ ಅಂದ. ಮೊಮ್ಮಗಳಿಗೆ ‘ನೀವ್’ ಅಂತ ಬಹುವಚನ ಕೊಟ್ಟು ಕರೆಯಬೇಕೇ ಎಂದು ನೆರೆಯವರು ಕೇಳುತ್ತಾರೆ. ಮುಂದಿನ ತಿಂಗಳು ತೊಟ್ಟಿಲ ಕಾರ್ಯ. ಸೋದರತ್ತೆ ಕಿವಿಯಲ್ಲಿ ಏನೆಂದು ಹೇಳಬೇಕು?
ಒಬ್ಬ ಅಜ್ಜಿ, ರಾಣೆಬೆನ್ನೂರು

ಉತ್ತರ: ಅಮ್ಮಾ, ಮೊದಲು ಅರ್ಥ ಹೇಳಿಬಿಡುತ್ತೇನೆ, ನಿಮ್ಮ ಮನಸ್ಸು ಹಗುರಾಗಲಿ. ಹಳೆಯ ಐರಿಷ್ ಭಾಷೆಯಲ್ಲಿ ಆ ಶಬ್ದಕ್ಕೆ ಹೊಳಪು, ಕಾಂತಿ ಎಂದು ಅರ್ಥ. ನಮ್ಮ ಪ್ರಭಾ, ಕಾಂತಿ, ಜ್ಯೋತಿ ಇರುವ ಸಾಲಿನಲ್ಲೇ ಇದೂ ಇದೆ.

ಈ ಹೆಸರಿಗೊಂದು ಕಥೆಯೂ ಇದೆ. ನೀವ್ ಕಡಲರಾಜನ ಮಗಳು, ಬಂಗಾರದ ಕೂದಲಿನವಳು. ಬಿಳಿ ಕುದುರೆಯೇರಿ ಸಮುದ್ರ ದಾಟಿ ಬಂದು ಉಶೀನ್ ಎಂಬ ವೀರನನ್ನು ಮುಪ್ಪಿಲ್ಲದ ನಾಡಿಗೆ ಕರೆದೊಯ್ಯುತ್ತಾಳೆ. ಅವನು ಮೂರು ವರ್ಷ ಇದ್ದೆ ಅಂದುಕೊಂಡು ಊರಿಗೆ ಮರಳಿದರೆ ಇಲ್ಲಿ 300 ವರ್ಷ ಕಳೆದಿವೆ. ನೆಲಕ್ಕೆ ಕಾಲು ತಾಗಿಸಬೇಡ ಎಂದು ಅವಳು ಹೇಳಿ ಕಳಿಸಿರುತ್ತಾಳೆ. ಕಲ್ಲು ಎತ್ತಲಾರದೆ ಒದ್ದಾಡುತ್ತಿದ್ದವರಿಗೆ ನೆರವಾಗಲು ಬಾಗುತ್ತಾನೆ, ಜೀನಿನ ಪಟ್ಟಿ ಹರಿಯುತ್ತದೆ, ನೆಲಕ್ಕೆ ಬಿದ್ದ ಗಳಿಗೆಯಲ್ಲೇ ಹಣ್ಣು ಹಣ್ಣು ಮುದುಕನಾಗುತ್ತಾನೆ. ರೈವತ ರಾಜ ಮಗಳು ರೇವತಿಯನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಉರುಳಿದ್ದ ಕಥೆ ನೀವು ಪುರಾಣದಲ್ಲಿ ಕೇಳಿರುತ್ತೀರಿ. ಮೊಮ್ಮಗಳಿಗೆ ಎರಡನ್ನೂ ಹೇಳಿ, ಒಂದರ ಬೆನ್ನಿಗೆ ಇನ್ನೊಂದು.

ಇನ್ನು ಕರೆಯುವ ವಿಚಾರ. ಐರಿಷ್ ಮಾತಾಡುವವರ ಬಾಯಲ್ಲಿ ಆ ಹೆಸರು ನಮ್ಮ ‘ನೀವು’ ಅಲ್ಲವೇ ಅಲ್ಲ. ‘ನೀ’ ಆದಮೇಲೆ ನವುರಾಗಿ ಒಂದು ಅಕಾರ ಬರುತ್ತದೆ: ನೀ-ಅವ್. ಇಂಗ್ಲಿಷ್ ಮಾತಿನಲ್ಲಿ ಅದು ‘ನೀವ್’ ಆಗಿದೆ. ನೀವು ‘ನೀಅವ್’ ಎಂದು ಸ್ವಲ್ಪ ಎಳೆದು ಹೇಳಿ. ಬಹುವಚನದ ಗೊಂದಲವೂ ಹೋಗುತ್ತದೆ, ಉಚ್ಚಾರವೂ ಅಲ್ಲಿಯ ಅಜ್ಜಿಯರದ್ದೇ ಆಗುತ್ತದೆ. ನಮ್ಮಲ್ಲಿ ಸಂಬೋಧನೆ ಇರುವಂತೆ ಅವರ ಭಾಷೆಯಲ್ಲೂ ಕರೆಯುವಾಗ ಹೆಸರಿನ ಮುಂದೆ ಒಂದು ‘ಅ’ ಸೇರುತ್ತದೆ. ಫೋನಿನಲ್ಲಿ ‘ಅ ನೀಅವ್’ ಅನ್ನಿ, ನಿಮ್ಮ ಸೊಸೆಗೆ ತವರಿನ ದನಿ ಕೇಳಿಸೀತು.

ಸೋದರತ್ತೆ ಕಿವಿಯಲ್ಲಿ ಅದನ್ನೇ ಹೇಳಲಿ. ನಮ್ಮ ಕಡೆ ತೊಟ್ಟಿಲಲ್ಲಿ ಒಂದೇ ಹೆಸರಿಡಬೇಕು ಎಂಬ ಕಟ್ಟಿಲ್ಲ. ಮನೆದೇವರದ್ದೊಂದು, ಹಿರಿಯರದ್ದೊಂದು ಇಟ್ಟೇ ಇಡುತ್ತೇವೆ. ಜೊತೆಗೆ ‘ಪ್ರಭಾ’ ಎಂದೂ ಇಡಿ, ಎರಡೂ ಒಂದೇ ಅರ್ಥದವು. ಆದರೆ ದಯವಿಟ್ಟು ‘ನಿಯಂ’ ಅನ್ನುವುದನ್ನು ಮನೆಯಲ್ಲಿ ರೂಢಿ ಮಾಡಬೇಡಿ. ತಪ್ಪಾಗಿ ಕರೆದ ಹೆಸರಿಗೂ ಕೂಸು ತಿರುಗಿ ನೋಡುವುದನ್ನು ಕಲಿತುಬಿಡುತ್ತದೆ, ಆಮೇಲೆ ತಿದ್ದುವುದು ಕಷ್ಟ.

ಪ್ರಶ್ನೆ: ಉಚ್ಚರಿಸದ ಅಕ್ಷರಗಳನ್ನು ಇಷ್ಟೊಂದು ಯಾಕೆ ತುಂಬುತ್ತಾರೆ? ಬಾಯಲ್ಲಿ ‘ವ’ ಇದೆ, ಬರಹದಲ್ಲಿ ಇಲ್ಲ.
ನಿವೃತ್ತ ಶಿಕ್ಷಕರು, ಉಡುಪಿ

ಉತ್ತರ: ಗುರುಗಳೇ, ಈ ಪ್ರಶ್ನೆಗೆ ನಾನು ಉತ್ತರ ಕಲಿತದ್ದು ಒಂದು ಬಾಣಂತಿಯಿಂದ. ಕೆಲಸಕ್ಕೆ ಸೇರಿದ ಮೊದಲ ವಾರ, ರಾತ್ರಿ ಪಾಳಿ. ತೊಟ್ಟಿಲಿಗೆ ಅಂಟಿಸಿದ ಚೀಟಿಯಲ್ಲಿ ಸಿ, ಎ, ಓ, ಐ, ಎಂ, ಎಚ್, ಇ ಎಂದಿತ್ತು. ನಾನು ‘ಕಾಯಿಮ್ಹೆ’ ಎಂದು ಓದಿದೆ. ಆ ತಾಯಿ ಎರಡು ರಾತ್ರಿ ನಿದ್ದೆಗೆಟ್ಟವಳು, ಆದರೂ ಎದ್ದು ಕೂತು ‘ಕ್ವೀವಾ’ ಎಂದು ಮೂರು ಸಲ ಹೇಳಿಕೊಟ್ಟಳು. ಉತ್ತರದ ಕಡೆ ‘ಕೀವಾ’ ಅನ್ನುತ್ತಾರೆ ಎಂದೂ ಹೇಳಿದಳು. ಸೌಮ್ಯೆ, ಚೆಲುವೆ ಎಂದು ಅರ್ಥ. ನಾನು ಜೇಬಿನ ಪುಸ್ತಕ ತೆಗೆದು ಕನ್ನಡದಲ್ಲಿ ಬರೆದುಕೊಂಡೆ. ಅವಳು ಅದನ್ನು ಕೈಗೆ ತೆಗೆದುಕೊಂಡು, ‘ಕ್ವೀ’ಯ ಗುಡಿಸನ್ನೂ ಅದರ ಕೆಳಗಿನ ವತ್ತನ್ನೂ ಬೆರಳಿನಿಂದ ತೀಡಿ ನೋಡಿದಳು. ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಈಫಾ, ಶಿವಾನ್, ಸೈವ್, ಟೈಗ್, ಗ್ರಾನ್ಯ ಎಂದು ಪುಟಗಟ್ಟಲೆ. ನಮ್ಮ ಲಿಪಿ ಆ ಹೆಸರುಗಳನ್ನು ಎಷ್ಟು ಸಲೀಸಾಗಿ ಹಿಡಿಯಿತು ಎಂದರೆ, ಜೊತೆಗಿದ್ದ ಕೇರಳದ ನರ್ಸ್‌ಗಳಿಗೂ ನಾನೇ ಅದನ್ನು ನೋಡಿ ಓದಿ ಹೇಳುತ್ತಿದ್ದೆ.

ಕಾರಣ ಇದು. ಐರಿಷ್ ಭಾಷೆ ಸಾಂಪ್ರದಾಯಿಕವಾಗಿ ಬಳಸುವುದು 18 ಅಕ್ಷರಗಳನ್ನು. ಜೆ, ಕೆ, ಕ್ಯೂ, ವಿ, ಡಬ್ಲ್ಯೂ, ಎಕ್ಸ್, ವೈ, ಝಡ್ ಅದರಲ್ಲಿಲ್ಲ. ‘ವ’ಕಾರಕ್ಕೆ ಸ್ವಂತ ಅಕ್ಷರವೇ ಇಲ್ಲ. ಆದರೆ ಬ, ಮ ಮೆತ್ತಗಾದರೆ ‘ವ’ ಆಗುತ್ತದೆ ಎಂಬುದು ಅವರ ವ್ಯಾಕರಣ. ಹಾಗೆ ಮೆತ್ತಗಾಗಿದೆ ಎಂದು ತೋರಿಸಲು ಹಿಂದೆ ಅಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ಕಳೆದ ಶತಮಾನದ ನಡುವಿನ ಹೊತ್ತಿಗೆ ಹಳೆಯ ಅಚ್ಚಿನ ಲಿಪಿ ಬಿಟ್ಟು ರೋಮನ್ ಅಚ್ಚಿಗೆ ಬಂದಾಗ ಆ ಚುಕ್ಕೆಯ ಜಾಗಕ್ಕೆ ‘ಎಚ್’ ಬಂದು ಕೂತಿತು. ಆದ್ದರಿಂದ ಬಿ-ಎಚ್, ಎಂ-ಎಚ್ ಎರಡೂ ‘ವ’. ನಡುವೆ ಬರುವ ಡಿ-ಎಚ್, ಜಿ-ಎಚ್ ಬಹಳಷ್ಟು ಕಡೆ ಕರಗಿಯೇ ಹೋಗುತ್ತವೆ.

ಹೆಚ್ಚಿನ ಸ್ವರಗಳಿಗೂ ಕೆಲಸವಿದೆ. ಐ, ಇ ಎಂಬ ಇಂಗ್ಲಿಷ್ ಅಕ್ಷರಗಳು ಪಕ್ಕದಲ್ಲಿದ್ದರೆ ವ್ಯಂಜನ ನವಿರಾಗುತ್ತದೆ, ‘ಸ’ ‘ಶ’ ಆಗುತ್ತದೆ. ನಮ್ಮ ‘ಕಿವಿ’ ತಮಿಳಿನಲ್ಲಿ ‘ಚೆವಿ’ ಆದದ್ದನ್ನು ನೀವು ಮಕ್ಕಳಿಗೆ ಪಾಠ ಮಾಡಿರುತ್ತೀರಿ. ಅಲ್ಲೂ ಆಗುವುದು ಅದೇ ಜಾತಿಯ ಬದಲಾವಣೆ. ಸ್ವರದ ಮೇಲಿನ ಓರೆಗೀಟಿಗೆ ಅವರು ‘ಫಾಡಾ’ ಎನ್ನುತ್ತಾರೆ. ಆ ಶಬ್ದದ ಅರ್ಥ ‘ಉದ್ದ’. ನಮ್ಮ ‘ದೀರ್ಘ’ಕ್ಕೂ ಅದೇ ಅರ್ಥ, ಅದೇ ಕೆಲಸ. ದೀರ್ಘ ಬಿಟ್ಟರೆ ಅರ್ಥ ಕೆಡುವುದೂ ನಮ್ಮ ಹಾಗೆಯೇ: ಫಾಡಾ ಇದ್ದರೆ ಅದು ‘ಶಾನ್’ ಎಂಬ ಗಂಡು ಹೆಸರು, ಇಲ್ಲದಿದ್ದರೆ ‘ಹಳೆಯದು’ ಎಂಬ ಸಾಮಾನ್ಯ ಶಬ್ದ. ಕಂಪ್ಯೂಟರಿನ ಅರ್ಜಿಗಳು ಫಾಡಾ ನುಂಗಿಬಿಡುತ್ತವೆ ಎಂದು ಅಲ್ಲಿಯ ತಾಯಂದಿರು ಸಿಟ್ಟಾಗುವುದನ್ನು ನಾನು ನೋಡಿದ್ದೇನೆ. ಆ ಸಿಟ್ಟು ನ್ಯಾಯವಾದದ್ದು.

ಪ್ರಶ್ನೆ: ನಾವಿಬ್ಬರೂ ಶಿವಮೊಗ್ಗದವರು, ಈಗ ಕಾರ್ಕ್ ನಗರದಲ್ಲಿದ್ದೇವೆ. ಮಗು ಬರಲಿದೆ. ಎರಡೂ ಕಡೆ ಸಲ್ಲುವ ಹೆಸರು ಬೇಕು. ‘ಶಿವಾನ್’ ಎಂಬ ಐರಿಷ್ ಹೆಸರು ಶಿವನಿಂದಲೇ ಬಂದದ್ದು ಎಂದು ವಾಟ್ಸಾಪಿನಲ್ಲಿ ಓದಿದೆವು. ನಿಜವೇ?
ಒಬ್ಬ ಓದುಗ

ಉತ್ತರ: ಅಲ್ಲ ತಮ್ಮಾ. ಕಿವಿಗೆ ಹಿತವಾಗಿ ಕೇಳಿಸಿದ್ದನ್ನೆಲ್ಲ ನಂಟಸ್ತಿಕೆ ಎಂದು ನಂಬಬಾರದು. 1169ರ ನಂತರ ನಾರ್ಮನ್ನರು ಐರ್ಲೆಂಡಿಗೆ ಬಂದರು. ಅವರ ಹೆಣ್ಣುಮಕ್ಕಳಲ್ಲಿ ‘ಜೆಹಾನ್’ ಎಂಬ ಫ್ರೆಂಚ್ ಹೆಸರಿತ್ತು. ಐರಿಷ್ ನಾಲಗೆಗೆ ‘ಜ’ ಇರಲಿಲ್ಲ, ‘ಶ’ ಇತ್ತು. ಹೀಗೆ ‘ಶಿವಾನ್’ ಆಯಿತು. ಗಂಡು ರೂಪ ‘ಶಾನ್’. ಶಿನೇಡ್ ಕೂಡ ಅದೇ ಬಳ್ಳಿಯದು. ಬೇರು ಹೀಬ್ರೂ ಭಾಷೆಯಲ್ಲಿದೆ, ಅರ್ಥ ‘ದೇವರ ಕೃಪೆ’. ಶಿವನ ಹೆಸರು ಅಲ್ಲದಿದ್ದರೇನು, ಅರ್ಥ ಒಳ್ಳೆಯದೇ ಇದೆ.

ನಿಜವಾದ ನಂಟು ಬೇರೆ ಕಡೆ ಇದೆ. 1786ರಲ್ಲಿ ಕೋಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಮೂಲ ಒಂದೇ ಇರಬೇಕು ಎಂದಾಗ, ಐರಿಷ್ ಸೇರಿರುವ ಕೆಲ್ಟಿಕ್ ಬಳಗದ ಹೆಸರನ್ನೂ ಎತ್ತಿದ್ದ. ನಮ್ಮ ಕನ್ನಡ ಆ ಮನೆತನದ್ದಲ್ಲ, ದ್ರಾವಿಡದ್ದು. ಆದರೆ ಸಂಸ್ಕೃತದಿಂದ ಬಂದ ಶಬ್ದಗಳು ನಮ್ಮ ಮನೆಯಲ್ಲೂ ಬೆಳೆದಿವೆಯಲ್ಲ. ಐರಿಷ್‌ನಲ್ಲಿ ರಾಜನಿಗೆ ‘ರೀ’ ಎನ್ನುತ್ತಾರೆ. ಅದೂ ‘ರಾಜ’ವೂ ಒಂದೇ ಬೇರಿನವು. ‘ರೀ’ಗೆ ಪುಟ್ಟದು ಎಂಬ ಪ್ರತ್ಯಯ ಸೇರಿದರೆ ‘ರೀಅನ್’, ಪುಟ್ಟರಾಜ! ಈಗ ಅಲ್ಲಿ ಗಂಡುಮಕ್ಕಳಿಗೆ ಬಹಳ ಮೆಚ್ಚಿನ ಹೆಸರು ಅದು. ಬ್ರಿಜಿಡ್ ಎಂಬ ಹೆಸರಿಗೂ ಸಂಸ್ಕೃತದ ‘ಬೃಹತೀ’ಗೂ ಮೂಲ ಒಂದೇ, ಉನ್ನತಳಾದವಳು ಎಂದು. ಫೆಬ್ರವರಿ 1 ಸಂತ ಬ್ರಿಜಿಡ್‌ಳ ದಿನ. 2023ರಿಂದ ಆ ಹಬ್ಬಕ್ಕೆ ಸರ್ಕಾರಿ ರಜೆಯನ್ನೂ ಕೊಟ್ಟಿದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೇವ್. ‘ಮಧು’ ಎಂಬ ಶಬ್ದದ ದೂರದ ತಂಗಿ, ಮತ್ತೇರಿಸುವವಳು ಎಂದು ಅರ್ಥ. ಪಶ್ಚಿಮದ ಕಾನಾಕ್ಟ್ ನಾಡಿನ ರಾಣಿ. ಒಂದು ಹೋರಿಗಾಗಿ ದಂಡು ಕಟ್ಟಿ ಹೋದವಳು. ತುರುಗೊಳ್ ಕಾಳಗದ ವೀರಗಲ್ಲುಗಳ ನಡುವೆ ಬೆಳೆದ ನಮಗೆ ಆ ಕಥೆ ಪರಕೀಯ ಅನ್ನಿಸುವುದಿಲ್ಲ. ಸ್ಲೈಗೋ ಪಕ್ಕದ ನಾಕ್ನರೇ ಬೆಟ್ಟದ ನೆತ್ತಿಯಲ್ಲಿ ಒಂದು ದೊಡ್ಡ ಕಲ್ಲುಗುಪ್ಪೆ ಇದೆ, ಅದೇ ಅವಳ ಗೋರಿ ಎನ್ನುತ್ತಾರೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮನೆಗೆ ಹೋಗುವಾಗ ನನಗೆ ಅದು ಪ್ರತಿದಿನ ಕಾಣುತ್ತಿತ್ತು, ಮಳೆಮೋಡ ಇಲ್ಲದಿದ್ದರೆ. ಹೆಣ್ಣಾದರೆ ಮೇವ್ ಇಡಿ ಎಂದು ನಾನು ಹೇಳುವುದು ಪಕ್ಷಪಾತವೇ ಇರಬಹುದು, ಆದರೂ ಹೇಳುತ್ತೇನೆ. ನಿಮ್ಮ ಮನೆಯವರು ‘ದನದ ಮೇವು’ ಎಂದು ಆಕ್ಷೇಪಿಸಿದರೆ ಮಧು ಎಂದೇ ಇಡಿ, ಬೇರು ಅದೇ.

ಒಂದು ನೆನಪಿಡಿ: ಅಲ್ಲಿ ಹುಟ್ಟಿದ ಮೂರು ತಿಂಗಳೊಳಗೆ ಜನನ ನೋಂದಾಯಿಸಬೇಕು. ಹೆಸರು ಊರಿಂದ ಬರಲಿ ಎಂದು ಕಾಯುತ್ತ ಕೂರಬೇಡಿ.

ಪ್ರಶ್ನೆ: ‘ಸೀರ್ಷಾ’ ಪುರಾಣದ ಹೆಸರೇ?
ಓದುಗಿ, ಮೈಸೂರು

ಉತ್ತರ: ಅಲ್ಲ. ಅದರ ಅರ್ಥ ಸ್ವಾತಂತ್ರ್ಯ. ಹೆಸರಾಗಿ ಬಳಕೆಗೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ, ಐರ್ಲೆಂಡ್ ಸ್ವಾತಂತ್ರ್ಯಕ್ಕೆ ಹೋರಾಡಿ ಗೆದ್ದ ಮೇಲೆ. ‘ಸೆರ್ಷಾ’ ಎಂದೂ ಹೇಳುತ್ತಾರೆ. ಇಂಥ ಹೊಸ ಹೆಸರು ಇನ್ನೊಂದಿದೆ, ‘ಫೀಯಾ’. ಕಾಡಿನದು, ಜಿಂಕೆ ಎಂಬ ಅರ್ಥಗಳು. 2021ರಲ್ಲಿ ಆ ದೇಶದ ಹೆಣ್ಣುಕೂಸುಗಳಿಗೆ ಅತಿ ಹೆಚ್ಚು ಇಟ್ಟ ಹೆಸರು ಅದೇ.

ಆದರೆ ಇದರ ಹಿಂದಿನ ನೋವು ತಿಳಿದಿರಲಿ. ಇಂಗ್ಲಿಷರ ಆಳ್ವಿಕೆಯಲ್ಲಿ ದಫ್ತರಿನಲ್ಲಿ ಐರಿಷ್ ಹೆಸರು ಬರೆಯುತ್ತಿರಲಿಲ್ಲ. ಕವಿ ಎಂಬ ಅರ್ಥದ ‘ಟೈಗ್’ ದಾಖಲೆಯಲ್ಲಿ ತಿಮೊಥಿ ಆಗುತ್ತಿದ್ದ, ಗ್ರಾನ್ಯ ಗ್ರೇಸ್ ಆಗುತ್ತಿದ್ದಳು. ಅರ್ಥಕ್ಕೂ ಬೇರಿಗೂ ಸಂಬಂಧವೇ ಇಲ್ಲ. 1593ರಲ್ಲಿ ರಾಣಿ ಎಲಿಜಬೆತ್‌ಳ ಎದುರು ನಿಂತು ಮಾತಾಡಿದ ಕಡಲ ನಾಯಕಿ ಗ್ರಾನ್ಯಳನ್ನೇ ಗ್ರೇಸ್ ಮಾಡಿಬಿಟ್ಟರು. ಮುನ್ನೂರು ವರ್ಷದ ಮೇಲೆ, 1893ರಲ್ಲಿ, ಡಗ್ಲಸ್ ಹೈಡ್ ಮತ್ತು ಗೆಳೆಯರು ಭಾಷೆಯನ್ನು ಉಳಿಸಲು ಸಂಘ ಕಟ್ಟಿದರು. ಆಮೇಲೆ ಹಳೆಯ ಹೆಸರುಗಳು ಒಂದೊಂದಾಗಿ ತೊಟ್ಟಿಲಿಗೆ ಮರಳಿದವು. ಅಲ್ಲಿಯ ತಾಯಿ ಕಷ್ಟದ ಕಾಗುಣಿತವನ್ನು ಹಟ ಹಿಡಿದು ಇಡುವುದು ಇದಕ್ಕೇ.

ಪ್ರಶ್ನೆ: ಐರಿಷ್ ಅಡ್ಡಹೆಸರುಗಳ ಮುಂದಿನ ‘ಓ’ ಏನು? ನಮ್ಮಲ್ಲಿ ಅಂಥದ್ದು ಇದೆಯೇ?
ಕಾಲೇಜು ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಇದೆ ತಂಗಿ, ನಿಮ್ಮ ಊರಿನಲ್ಲೇ ಇದೆ. ‘ಓ’ ಎಂದರೆ ಮೊಮ್ಮಗ, ಆಮೇಲೆ ವಂಶದವನು. 1014ರಲ್ಲಿ ಕ್ಲಾಂಟಾರ್ಫ್ ಕಾಳಗದಲ್ಲಿ ಮಡಿದ ಅರಸ ಬ್ರಯನ್ ಬೋರುವಿನ ಕುಲದವರು ಓ ಬ್ರಯನ್. ಹೆಣ್ಣುಮಕ್ಕಳಿಗೆ ‘ಓ’ ಬದಲು ‘ನೀ’ ಬರುತ್ತದೆ, ಮಗಳು ಎಂದು. ಅವರು ಹೆಸರಿನ ಮುಂದೆ ಇಡುವುದನ್ನು ನಾವು ಹಿಂದೆ ಇಡುತ್ತೇವೆ: ಪಾಟೀಲರ ಮನೆಯಲ್ಲ, ಹಾಲಪ್ಪನ ಮನೆಯವರು ಎಂದು ತಿಳಿಸಲು ‘ಹಾಲಪ್ಪನವರ’. ಆ ‘ನವರ’ವೇ ನಮ್ಮ ‘ಓ’.

ಈ ಹೆಸರನ್ನೇ ಯಾಕೆ ತೆಗೆದೆ ಎಂದು ನಿಮಗೆ ಗೊತ್ತಾಗಿರಬೇಕು. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡಳು. ಗರ್ಭ ಉಳಿಯುವುದಿಲ್ಲ ಎಂದು ತಿಳಿದ ಮೇಲೂ ಕೇಳಿದ ಗರ್ಭಪಾತ ಸಿಗಲಿಲ್ಲ. ಊರೂರಲ್ಲಿ ಜನ ಮೇಣದಬತ್ತಿ ಹಿಡಿದು ನಿಂತರು. 2018ರ ಮೇ 25ರಂದು ಮತ ಹಾಕಿ, ಗರ್ಭಪಾತಕ್ಕೆ ಅಡ್ಡಿಯಾಗಿದ್ದ ಸಂವಿಧಾನದ ವಿಧಿಯನ್ನೇ ತೆಗೆದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದ ಅವಳ ಚಿತ್ರದ ಸುತ್ತ ಚೀಟಿಗಳನ್ನು ಅಂಟಿಸಿದರು.

ಆ ಮತದಾನದ ವಾರ ಸ್ಲೈಗೋದಲ್ಲಿ ನಾನು ಬ್ರೆಡ್ ಕೊಳ್ಳುತ್ತಿದ್ದ ಅಂಗಡಿಯ ವಯಸ್ಸಾದ ಹೆಂಗಸು ನನ್ನನ್ನು ತಡೆದು ನಿಲ್ಲಿಸಿದಳು. ‘ಟಿವಿಯವರು ಹೇಳುವುದು ಸರಿಯೋ ಇಲ್ಲವೋ ಗೊತ್ತಿಲ್ಲ, ನಿನ್ನ ಬಾಯಲ್ಲಿ ಹೇಳು’ ಅಂದಳು. ನಾನು ಬಿಡಿಸಿ ಹೇಳಿದೆ: ಸವಿತಾ. ಹಾಲಪ್ಪ. ನವರ. ಅವಳು ಬ್ರೆಡ್ ಸುತ್ತುವ ಕಾಗದದ ಮೇಲೆ ತನ್ನ ಭಾಷೆಯ ಕಾಗುಣಿತದಲ್ಲಿ ಬರೆದುಕೊಂಡಳು. ‘ಹಾ’ ಮೇಲೆ ಫಾಡಾ ಇಟ್ಟಳು, ‘ವ’ಕ್ಕೆ ಬಿ-ಎಚ್ ಹಾಕಿದಳು. ಆಮೇಲೆ ಅದನ್ನು ನೋಡಿಕೊಂಡು ಒಂದು ಅಕ್ಷರವೂ ತಪ್ಪದೆ ಓದಿದಳು.