ಬ್ಯಾಟಿಗೆಷ್ಟು, ಸ್ಟಿಕ್ಕರಿಗೆಷ್ಟು?

ಆಟದಂಗಳ – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಆರಿಸಿದ ಪತ್ರಗಳು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವು. ಆಟ ಬೇರೆ ಬೇರೆ. ಆದರೆ ಎಲ್ಲ ಪತ್ರದಲ್ಲೂ ದುಡ್ಡಿನ ಮಾತಿದೆ, ಜೊತೆಗೆ ಟಿ.ವಿ.ಯಲ್ಲೋ ಮೊಬೈಲಿನಲ್ಲೋ ನೋಡಿ ಮನಸ್ಸಿನಲ್ಲಿ ಕೂತ ಒಂದು ಚಿತ್ರವಿದೆ.

ಪ್ರಶ್ನೆ: ಮಗನಿಗೆ 12 ವರ್ಷ, 4 ಅಡಿ 10 ಅಂಗುಲ ಎತ್ತರ. ಕ್ರಿಕೆಟ್ ಅಕಾಡೆಮಿ ಸೇರಿ ಆರು ತಿಂಗಳಾಯ್ತು. ಕೊಹ್ಲಿ ಹಿಡಿಯೋ ಬ್ಯಾಟೇ ಬೇಕು ಅಂತ ಹಟ. ಅಂಗಡಿಯಲ್ಲಿ 24 ಸಾವಿರದ್ದು ತೋರಿಸಿ, ‘ದೊಡ್ಡ ಸೈಜೇ ತಗೊಳ್ಳಿ ಸಾರ್, ಹುಡುಗ ಬೆಳೀತಾನೆ’ ಅಂದರು. ಅತ್ತ ಕೋಚು, ‘ಹಳ್ಳಿ ಹುಡುಗ, ತಾಕತ್ತಿದೆ’ ಅಂತ ಬರೀ ಬೌಲಿಂಗಿಗೆ ಹಾಕ್ತಾರೆ. ಏನು ಮಾಡಲಿ?
– ಗುಬ್ಬಿ ತಾಲ್ಲೂಕಿನ ತಂದೆಯೊಬ್ಬರು

ಮೊದಲು ಸ್ಟಿಕ್ಕರಿನ ವಿಷಯ. ಸಚಿನ್ ತೆಂಡೂಲ್ಕರ್ ಬ್ಯಾಟಿನ ಮೇಲೆ, ಆಮೇಲೆ ಕೊಹ್ಲಿ ಬ್ಯಾಟಿನ ಮೇಲೆ ನಾವೆಲ್ಲ ನೋಡಿದ ಎಂ.ಆರ್.ಎಫ್. ಒಂದು ಟೈರ್ ಕಂಪನಿ. ದೊಡ್ಡ ಆಟಗಾರರ ಬ್ಯಾಟಿನ ಮುಖ ಅಂದರೆ ಬಾಡಿಗೆಗೆ ಕೊಟ್ಟ ಹೋರ್ಡಿಂಗ್ ಇದ್ದ ಹಾಗೆ. ಮರ ಕೆತ್ತಿದವರೊಬ್ಬರು, ಸ್ಟಿಕ್ಕರಿಗೆ ದುಡ್ಡು ಕೊಟ್ಟವರು ಇನ್ನೊಬ್ಬರು ಆಗಿರುವುದು ಮಾಮೂಲು. ಅದೇ ಸ್ಟಿಕ್ಕರ್ ಅಂಟಿಸಿಕೊಂಡು ಅಂಗಡಿಯಲ್ಲಿ ನಿಂತ ಬ್ಯಾಟಿನೊಳಗೆ ಅದೇ ಮರ ಇರುತ್ತದೆಂದು ಯಾರೂ ಗ್ಯಾರಂಟಿ ಕೊಟ್ಟಿಲ್ಲ.

ಬೆಲೆ ಏರಿಸುವ ಇನ್ನೊಂದು ಸಂಗತಿ ‘ಗ್ರೇನ್ಸ್’, ಅಂದರೆ ಬ್ಯಾಟಿನ ಮುಖದ ಮೇಲಿನ ಉದ್ದ ಗೆರೆಗಳು. ನೇರವಾಗಿ 8–10 ಗೆರೆ ಇದ್ದರೆ ಚೆಂದ ಕಾಣುತ್ತದೆ, ರೇಟೂ ಹೆಚ್ಚು. ಒತ್ತೊತ್ತಾಗಿ ಗೆರೆ ಇರುವ ಬ್ಯಾಟು ಬೇಗ ಪಳಗುತ್ತದೆ, ಆದರೆ ಬೇಗ ಸವೆಯುತ್ತದೆ ಕೂಡ. ಅಗಲ ಗೆರೆಯದ್ದು ಪಳಗಲು ತಡ, ಬಾಳಿಕೆ ಜಾಸ್ತಿ. 12ರ ಹುಡುಗನ ಕೈಯಲ್ಲಿ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಅವನಿಗೆ ಒಳ್ಳೆಯ ಕಾಶ್ಮೀರ್ ವಿಲೋ (ಕಾಶ್ಮೀರದಲ್ಲಿ ಬೆಳೆದ ವಿಲೋ ಮರದ ಬ್ಯಾಟು) ಸಾಕು. ಅದು ಇಂಗ್ಲಿಷ್ ವಿಲೋಗಿಂತ ಕೊಂಚ ತೂಕವಾಗಿರುವುದರಿಂದ ಅಂಗಡಿಯಲ್ಲಿ ನಾಲ್ಕಾರು ತೆಗೆಸಿ, ಹಗುರವಾದದ್ದನ್ನು ಆರಿಸಿ.

ನಿಮ್ಮ ಮಗನ ಎತ್ತರಕ್ಕೆ ಸಾಮಾನ್ಯವಾಗಿ 5ನೇ ಸೈಜು ಸರಿ. ಪರೀಕ್ಷೆ ಸುಲಭ: ಬಲಗೈ ಬ್ಯಾಟ್ಸ್‌ಮನ್ ಆದರೆ ಎಡಗೈ ಒಂದರಲ್ಲೇ ಹಿಡಿ ಹಿಡಿದು, ಬ್ಯಾಟನ್ನು ಮುಂದಕ್ಕೆ ಚಾಚಿ ಹತ್ತು ಎಣಿಸುವವರೆಗೆ ನಿಲ್ಲಲಿ. ಮಣಿಕಟ್ಟು ಕೆಳಗೆ ಬಾಗಿದರೆ ಅದು ಭಾರ. ‘ಬೆಳೀತಾನೆ’ ಎಂದು ಕೊಂಡ ದೊಡ್ಡ ಬ್ಯಾಟಿನಿಂದ ಏನಾಗುತ್ತದೆ ಗೊತ್ತೇ? ಎತ್ತಲಾರದೆ ಹುಡುಗ ಕೆಳಗೈಯಲ್ಲಿ ಬಿಗಿ ಹಿಡಿಯುತ್ತಾನೆ, ಎಲ್ಲ ಬಾಲೂ ಅಡ್ಡ ಬ್ಯಾಟಿನಲ್ಲಿ ಲೆಗ್ ಸೈಡಿಗೇ ಹೋಗುತ್ತದೆ. ಆ ಅಭ್ಯಾಸ ಬಿಡಿಸಲು ಕೋಚಿಗೆ ವರ್ಷಗಟ್ಟಲೆ ಬೇಕು.

ಹೊಸ ಬ್ಯಾಟು ತಂದ ದಿನವೇ ನೆಟ್ಸಿಗೆ ಒಯ್ಯಬೇಡಿ. ಕಚ್ಚಾ ಅಗಸೆ ಎಣ್ಣೆಯನ್ನು ಒಂದು ಟೀ ಚಮಚದಷ್ಟೇ ತೆಗೆದುಕೊಂಡು ಮುಖ, ಅಂಚು, ತುದಿಗೆ ಬಟ್ಟೆಯಲ್ಲಿ ಸವರಿ ಒಂದು ದಿನ ಮಲಗಿಸಿಡಿ. ಹೀಗೆ ಎರಡು ಮೂರು ಸಲ. ಹಿಡಿಗೆ, ಹಿಡಿ ಸೇರುವ ಜಾಗಕ್ಕೆ, ಸ್ಟಿಕ್ಕರಿಗೆ ಎಣ್ಣೆ ತಾಗಬಾರದು. ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ತೆರೆದ ಭಾಗಕ್ಕಷ್ಟೇ. ಬಳಿಕ ಮರದ ಸುತ್ತಿಗೆಯಲ್ಲಿ ಮೆಲ್ಲಗೆ, ದಿನಕ್ಕೆ ಅರ್ಧ ಗಂಟೆಯಂತೆ ಒಟ್ಟು ಐದಾರು ಗಂಟೆ ಬಡಿಯಬೇಕು. ಅಂಚನ್ನು ನೇರ ಹೊಡೆಯದೆ ಓರೆಯಾಗಿ ತಟ್ಟಿ ದುಂಡಗೆ ಮಾಡಬೇಕು. ಆಮೇಲೆ ಹಳೇ ಲೆದರ್ ಬಾಲಿನಲ್ಲಿ ಕೆಲವು ದಿನ. ಇದನ್ನು ಬಿಟ್ಟರೆ ಅಂಚು ಸೀಳುತ್ತದೆ. ಎಣ್ಣೆ ಜಾಸ್ತಿ ಕುಡಿಸಿದರೆ ಬ್ಯಾಟು ಭಾರವಾಗಿ ಸತ್ತಂತಾಗುತ್ತದೆ. ಇನ್ನೊಂದು ಎಚ್ಚರಿಕೆ: ಊರಿನ ಟೆನಿಸ್ ಬಾಲ್ ಬ್ಯಾಟನ್ನು ಲೆದರ್ ಬಾಲಿಗೆ ಬಳಸಬೇಡಿ, ಅದು ಆ ಪೆಟ್ಟಿಗೆ ಮಾಡಿದ್ದಲ್ಲ.

ಉಳಿದ ದುಡ್ಡನ್ನು ಹೆಲ್ಮೆಟ್ಟಿಗೆ ಹಾಕಿ. ಅದರ ಮೇಲೆ ಬಿ.ಎಸ್. 7928:2013 ಎಂಬ ಬ್ರಿಟಿಷ್ ಸುರಕ್ಷತಾ ಮಾನದಂಡದ ಗುರುತು ಇರಬೇಕು. ಗ್ರಿಲ್ ಮತ್ತು ಹಣೆಯ ಮೇಲೆ ಚಾಚಿದ ಅಂಚಿನ ನಡುವಿನ ಸಂದಿಯಲ್ಲಿ ಬಾಲು ತೂರಬಾರದು.

ಈಗ ಕೋಚಿನ ಮಾತು. ‘ಹಳ್ಳಿ ಹುಡುಗ ಅಂದ್ರೆ ಬೌಲರ್, ಸಿಟಿ ಹುಡುಗ ಅಂದ್ರೆ ಬ್ಯಾಟ್ಸ್‌ಮನ್’ ಎಂಬ ಲೆಕ್ಕ ತಾಕತ್ತಿನಿಂದ ಹುಟ್ಟಿದ್ದಲ್ಲ, ಖರ್ಚಿನಿಂದ ಹುಟ್ಟಿದ್ದು. ಬೌಲಿಂಗ್ ಕಲಿಯಲು ಒಂದು ಬಾಲು, ಒಂದು ಗೋಡೆ ಸಾಕು. ಬ್ಯಾಟಿಂಗಿಗೆ ಬ್ಯಾಟು, ಪ್ಯಾಡು, ನೆಟ್ಟು, ಬಾಲು ಹಾಕಲು ನಾಲ್ಕು ಜನ ಬೇಕು. ಬೌಲಿಂಗಿಗೆ ಹಾಕಿದರೂ ಮಿತಿ ಇರಲಿ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿಯ ಸೂಚನೆಯಂತೆ 13ರವರೆಗಿನ ವೇಗದ ಬೌಲರ್ ಒಂದು ಸ್ಪೆಲ್‌ನಲ್ಲಿ (ಬಿಡುವಿಲ್ಲದೆ ಹಾಕುವ ಸರದಿಯಲ್ಲಿ) 5 ಓವರ್, ದಿನಕ್ಕೆ 10 ಓವರ್ ದಾಟಬಾರದು. ಬೆಳೆಯುವ ಬೆನ್ನೆಲುಬಿನಲ್ಲಿ ಸಣ್ಣ ಬಿರುಕು ಬರುವುದು ಈ ಅತಿಯಿಂದಲೇ. ಸೊಂಟದ ಒಂದೇ ಪಕ್ಕದಲ್ಲಿ ನೋವು ಎಂದು ಹುಡುಗ ಹೇಳಿದರೆ ಬೌಲಿಂಗ್ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ.

ಅಕಾಡೆಮಿಯಲ್ಲಿ ಹೀಗೆ ಲೆಕ್ಕ ಹಾಕಿ ನೋಡಿ. ಎರಡು ನೆಟ್, ಎರಡು ಗಂಟೆ, 20 ಮಕ್ಕಳು. ಒಬ್ಬನಿಗೆ ಸಿಗುವ ಬ್ಯಾಟಿಂಗ್ 12 ನಿಮಿಷ, ಹೆಚ್ಚೆಂದರೆ ನಲವತ್ತು ಬಾಲು. ಅದೂ ಸಿಗದಿದ್ದರೆ ನಿಮ್ಮ ಮಗ ಬೇರೆಯವರ ಮಕ್ಕಳಿಗೆ ಬಾಲು ಹಾಕಲು ಫೀಸು ಕಟ್ಟುತ್ತಿದ್ದಾನೆ. ವಾರದ ಲೆಕ್ಕ ಬರೆದುಕೊಂಡು ಹೋಗಿ ಕೋಚಿನ ಮುಂದಿಡಿ. ಅಕಾಡೆಮಿ ಗೋಡೆಯ ಮೇಲೆ ಯಾರ ಫೋಟೊ ಇದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಬೇಡಿ.

ಪ್ರಶ್ನೆ: ಆನ್‌ಲೈನ್ ಬೆಟ್ಟಿಂಗ್ ನಿಂತಿದೆ ಅಂತಾರೆ. ನಮ್ಮ ರೂಮಿನ ಹುಡುಗರು ವಾಟ್ಸ್ಆ್ಯಪ್‌ನಲ್ಲಿ ‘ಐಡಿ’ (ಬೆಟ್ಟಿಂಗ್ ಸೈಟಿನ ಲಾಗಿನ್) ತಗೊಂಡು ಆಡ್ತಾನೇ ಇದಾರೆ. ‘ನಮಗೆ ಕ್ರಿಕೆಟ್ ಗೊತ್ತು, ಸೋಲಲ್ಲ’ ಅಂತಾರೆ. ನಿಜಾನಾ?
– ಪದವಿ ವಿದ್ಯಾರ್ಥಿ, ಕೋಲಾರ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿದೆ. ಅದರ ಬೆನ್ನಲ್ಲೇ ಹಣ ಕಟ್ಟಿ ಆಡಿಸುತ್ತಿದ್ದ ಡ್ರೀಮ್ 11 ಆ್ಯಪ್ ಭಾರತ ತಂಡದ ಜೆರ್ಸಿಯಿಂದ ಹೊರಬಿತ್ತು, ಆ ಜಾಗಕ್ಕೆ ಅಪೋಲೊ ಟೈರ್ಸ್ ಬಂತು. (ಬ್ಯಾಟಿನ ಮೇಲೂ ಟೈರು, ಎದೆಯ ಮೇಲೂ ಟೈರು.)

ಕ್ರಿಕೆಟ್ ಗೊತ್ತಿದ್ದರೂ ಲೆಕ್ಕ ನಿಮ್ಮ ಕಡೆಗಿಲ್ಲ. ಸಮಬಲದ ಎರಡು ತಂಡಕ್ಕೂ 1.90 ರೇಟು ಕೊಟ್ಟಿದ್ದಾರೆ ಅನ್ನಿ, ಅಂದರೆ ಗೆದ್ದರೆ ಕಟ್ಟಿದ ರೂಪಾಯಿಗೆ 1.90 ವಾಪಸ್. ಎರಡರ ಮೇಲೂ ನೂರು ನೂರು ಕಟ್ಟಿದರೆ ಹೋದದ್ದು 200, ಯಾರು ಗೆದ್ದರೂ ಬರುವುದು 190. ಆ ಹತ್ತು ರೂಪಾಯಿ ಪ್ರತಿ ಪಂದ್ಯಕ್ಕೂ ಐಡಿ ಕೊಟ್ಟವನ ಜೇಬಿಗೆ. ಇನ್ನು ಹಣ ಕಳಿಸುವ ಯು.ಪಿ.ಐ. ಖಾತೆ ಬಹಳ ಸಲ ಯಾರದೋ ಬಾಡಿಗೆ ಖಾತೆ. ಗೆದ್ದ ಹಣ ಅಲ್ಲಿಂದ ಬಂದರೆ, ಪೊಲೀಸರು ಆ ಖಾತೆ ಹಿಡಿದಾಗ ನಿಮ್ಮ ಖಾತೆಯೂ ಫ್ರೀಜ್ ಆಗಬಹುದು, ಮನೆಯಿಂದ ಬಂದ ಫೀಸಿನ ದುಡ್ಡೂ ಸೇರಿ. ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು, ಕಬಡ್ಡಿಯಲ್ಲಿ ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾಗಿದ್ದಾಳೆ. ನಮ್ಮತ್ತೆ, ನಾದಿನಿ ಎಲ್ಲ ‘ಗಂಡುಬೀರಿ ಆಗ್ತಾಳೆ, ಕಪ್ಪಾಗ್ತಾಳೆ, ಚಡ್ಡಿ ಹಾಕ್ಕೊಂಡು ಆಡೋದು ನಮ್ಮನೇಲಿ ಇಲ್ಲ’ ಅಂತಾರೆ. ಹೆಣ್ಮಕ್ಕಳಿಗೆ ಇದರಲ್ಲಿ ಭವಿಷ್ಯ ಇದೆಯಾ?
– ಗೌರಿಬಿದನೂರಿನ ತಾಯಿ

ಅತ್ತೆಯವರಿಗೆ ಎರಡು ಹೆಸರು ಹೇಳಿ. ಕಾರ್ಕಳ ಕಡೆಯ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ. ಇಬ್ಬರೂ ಕಬಡ್ಡಿ ಆಡಿಯೇ ಅರ್ಜುನ ಪ್ರಶಸ್ತಿ ಪಡೆದವರು. ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಹೆಣ್ಣುಮಕ್ಕಳು 2010, 2014, 2023ರಲ್ಲಿ ಚಿನ್ನ ಗೆದ್ದಿದ್ದಾರೆ.

ದುಡ್ಡಿನ ಮಾತು ಮಾತ್ರ ನೇರವಾಗಿ ಹೇಳಬೇಕು. ಗಂಡಸರ ಪ್ರೊ ಕಬಡ್ಡಿ 2014ರಿಂದ ನಡೆಯುತ್ತಿದೆ. ಹೆಂಗಸರಿಗೆಂದು ಅದರ ಜೊತೆ 2016ರಲ್ಲಿ ಮೂರು ತಂಡದ ಸಣ್ಣ ಸ್ಪರ್ಧೆ ನಡೆಸಿ, ಮುಂದುವರಿಸಲಿಲ್ಲ. ಕ್ರಿಕೆಟ್ಟಿನಲ್ಲೂ ‘ಸಮಾನ ವೇತನ’ ಎಂದು ತಲೆಬರಹ ಬಂದದ್ದನ್ನು ಓದಿರುತ್ತೀರಿ. 2022ರಿಂದ ಸಮ ಆಗಿರುವುದು ಪಂದ್ಯದ ಶುಲ್ಕ: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ವಾರ್ಷಿಕ ಗುತ್ತಿಗೆ ನೋಡಿದರೆ 2024–25ರಲ್ಲಿ ಗಂಡಸರ ಮೇಲಿನ ದರ್ಜೆಗೆ 7 ಕೋಟಿ, ಹೆಂಗಸರ ಮೇಲಿನ ದರ್ಜೆಗೆ 50 ಲಕ್ಷ. ಕ್ರಿಕೆಟ್ಟಿನಲ್ಲೇ ಹೀಗಿರುವಾಗ ಕಬಡ್ಡಿಯಲ್ಲಿ ಹುಡುಗಿಯ ದಾರಿ ಲೀಗಿನದ್ದಲ್ಲ. ಸರ್ಟಿಫಿಕೇಟು, ಕ್ರೀಡಾ ಕೋಟಾ, ಇಲಾಖೆಯ ಕೆಲಸದ ದಾರಿ. ಈಗಿನಿಂದಲೇ ಪ್ರತಿ ಪಂದ್ಯದ ಪ್ರಮಾಣಪತ್ರದಲ್ಲಿ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿರುವಂತೆಯೇ ಇದೆಯೇ, ಸೀಲು ಮತ್ತು ಸಹಿ ಬಿದ್ದಿದೆಯೇ ನೋಡಿ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಮುಂದೆ ದಾಖಲೆ ಪರಿಶೀಲನೆಯಲ್ಲಿ ಓಡಾಟ ತಪ್ಪದು.

ಚಡ್ಡಿಯ ವಿಷಯ ನಮ್ಮ ಕಡೆಯದ್ದೊಂದೇ ಜಗಳವಲ್ಲ. 2011ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆ ಹೆಂಗಸರು ಸ್ಕರ್ಟೇ ತೊಡಬೇಕು ಎಂದು ನಿಯಮ ತರಹೊರಟು, ವಿರೋಧ ಬಂದು ಮರುವರ್ಷ ಕೈಬಿಟ್ಟಿತು. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ಹುಡುಗಿಯರು ಬಿಕಿನಿ ಬಿಟ್ಟು ಚಡ್ಡಿ ಹಾಕಿದ್ದಕ್ಕೆ 1,500 ಯೂರೊ ದಂಡ ಬಿತ್ತು. ಅಲ್ಲಿ ಮುಚ್ಚಿದ್ದು ಹೆಚ್ಚಾಯಿತೆಂದು ತಕರಾರು, ಇಲ್ಲಿ ಕಡಿಮೆಯಾಯಿತೆಂದು. ಎರಡೂ ಕಡೆ ಆಡುವವಳನ್ನು ಯಾರೂ ಕೇಳಿಲ್ಲ. ಕಬಡ್ಡಿಯಲ್ಲಿ ಬಟ್ಟೆ ಸಡಿಲವಾಗಿದ್ದರೆ ಹಿಡಿಯುವವರ ಬೆರಳು ಸಿಕ್ಕಿಕೊಂಡು ಮುರಿಯಬಹುದು, ಮೈಗಂಟಿದ ಬಟ್ಟೆ ಹಾಕುವುದು ಅದಕ್ಕೇ. ಚಡ್ಡಿಯೊಳಗೆ ಲೆಗ್ಗಿಂಗ್ಸ್ ಹಾಕಬಹುದೇ ಎಂದು ಆಯೋಜಕರನ್ನು ಮೊದಲೇ ಕೇಳಿಕೊಳ್ಳಿ. ಬಣ್ಣದ ಚಿಂತೆಗೆ ಮದ್ದು ಸಮಯ ಬದಲಾವಣೆ: ಅಭ್ಯಾಸ ಬೆಳಿಗ್ಗೆ ಆರರಿಂದ ಎಂಟು, ಇಲ್ಲವೇ ಸಂಜೆ ನಾಲ್ಕರ ಮೇಲೆ.

ನೀವು ನಿಜವಾಗಿ ಗಮನಿಸಬೇಕಾದವು ಮೊಣಕಾಲು ಮತ್ತು ರಕ್ತ. ಹುಡುಗಿಯರಿಗೆ ಮೊಣಕಾಲಿನೊಳಗಿನ ಎ.ಸಿ.ಎಲ್. ಎಂಬ ನಾರು ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು. ವಾರದಲ್ಲಿ ಮೂರು ದಿನ 15 ನಿಮಿಷ ಬಸ್ಕಿ, ಒಂಟಿ ಕಾಲಿನ ಬಸ್ಕಿ, ಹಾರಿ ಮೆತ್ತಗೆ ನೆಲಕ್ಕಿಳಿಯುವ ಅಭ್ಯಾಸ ಮಾಡಿಸಿ. ಇಳಿಯುವಾಗ ಎರಡು ಮೊಣಕಾಲು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಹಾಗಾದರೆ ಅದೇ ಅಪಾಯದ ಗುರುತು. ಎದುರಿಗೆ ನಿಂತು ಮೊಬೈಲಿನಲ್ಲಿ ವಿಡಿಯೊ ತೆಗೆದರೆ ಗೊತ್ತಾಗುತ್ತದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರೈಡಿನ ಮಧ್ಯದಲ್ಲೇ ಉಸಿರು ಸೋಲುತ್ತದೆ, ಕೋಚು ‘ದಮ್ಮಿಲ್ಲ’ ಎಂದು ಬಯ್ಯುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆ ಕೊಟ್ಟರೆ ನಿಂಬೆ ಹಣ್ಣಿನ ರಸದ ಜೊತೆ ನುಂಗಲಿ, ಕಾಫಿ ಟೀ ಜೊತೆ ಬೇಡ. ಮುಟ್ಟು ಮೂರು ತಿಂಗಳು ನಿಂತರೆ ‘ಆಟದಿಂದ ಹಾಗೇ’ ಎಂದು ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಊಟ ಸಾಲದೆ ಹಾಗಾಗುವುದೇ ಹೆಚ್ಚು.

ಪ್ರಶ್ನೆ: ನನ್ನ ತೂಕ 60 ಕೆ.ಜಿ., 400 ಮೀಟರ್ ಓಡ್ತೀನಿ. ಜಿಮ್‌ನಲ್ಲಿ ‘ಈ ಬಾಡಿ ಇಟ್ಕೊಂಡು ಅಥ್ಲೀಟ್ ಅಂತ ಯಾರು ಹೇಳ್ತಾರೆ’ ಅಂತ ಪೌಡರು, ಜೊತೆಗೆ ಒಂದು ‘ಕೋರ್ಸ್’ ತಗೋ ಅಂತಿದಾರೆ. ಆರು ವಾರಕ್ಕೆ ಸಿಕ್ಸ್ ಪ್ಯಾಕ್ ಗ್ಯಾರಂಟಿಯಂತೆ.
– ಶಿರಾದ ಓದುಗ

‘ಕೋರ್ಸ್’ ಅಂದರೆ ಸ್ಟೆರಾಯ್ಡ್ ಇಂಜೆಕ್ಷನ್ನು, ಮಾತ್ರೆ. ಬೇಡ. ಸಿಕ್ಕಿಬಿದ್ದರೆ ಮೊದಲ ತಪ್ಪಿಗೇ ನಾಲ್ಕು ವರ್ಷ ನಿಷೇಧ. ಸಿಕ್ಕಿಬೀಳದಿದ್ದರೂ ಭುಜದ ತುಂಬ ಮೊಡವೆ, ಗಂಡಸಿಗೆ ಎದೆ ಬೆಳೆಯುವುದು, ವೃಷಣ ಕುಗ್ಗುವುದು ಕಾದಿರುತ್ತವೆ. ಕನ್ನಡಿಯಲ್ಲಿ ಚೆಂದ ಕಾಣುವ ಐದು ಕೆ.ಜಿ. ಮಾಂಸವನ್ನು ಕೊನೆಯ ನೂರು ಮೀಟರಿನಲ್ಲಿ ಹೊತ್ತು ಓಡಬೇಕಾದವರು ನೀವೇ.

ನಿಮಗೆ ದಿನಕ್ಕೆ 75ರಿಂದ 100 ಗ್ರಾಂ ಪ್ರೋಟೀನ್ ಸಾಕು. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ, 100 ಗ್ರಾಂ ಹುರುಳಿಕಾಳಿನಲ್ಲಿ 22, ಮೂರು ಮೊಟ್ಟೆಯಲ್ಲಿ 18, ಅರ್ಧ ಲೀಟರ್ ಹಾಲಿನಲ್ಲಿ 16. ಮುದ್ದೆ, ಅನ್ನ, ಬೇಳೆ ಸಾರಿನದ್ದು ಬೇರೆ. ಶಿರಾ ಸಂತೆಯಲ್ಲೇ ಎಲ್ಲ ಸಿಗುತ್ತದೆ. ಡಬ್ಬಿಯ ಒಂದು ಸ್ಕೂಪಿನಲ್ಲಿರುವುದೂ ಹೆಚ್ಚುಕಡಿಮೆ 24 ಗ್ರಾಂ ಅಷ್ಟೇ. ಕೊಂಡೇ ತೀರುತ್ತೇನೆಂದರೆ 14 ಅಂಕಿಯ ಎಫ್.ಎಸ್.ಎಸ್.ಎ.ಐ. (ಆಹಾರ ಸುರಕ್ಷತಾ ಪ್ರಾಧಿಕಾರದ) ಲೈಸೆನ್ಸ್ ನಂಬರ್ ನೋಡಿ, ಸೀಲು ಒಡೆದ ಡಬ್ಬಿ, ಬಿಡಿ ಪೌಡರು ಮುಟ್ಟಬೇಡಿ. ಅದರಲ್ಲಿ ನಿಷೇಧಿತ ಪದಾರ್ಥ ಬೆರೆತಿದ್ದರೂ ಹೊಣೆ ಓಟಗಾರನದ್ದೇ ಎಂಬುದು ಡೋಪಿಂಗ್ ನಿಯಮ.

ಕೆಮ್ಮಿನ ಸಿರಪ್ಪಿನಲ್ಲೂ ಹುಷಾರು. ನಮ್ಮಲ್ಲಿ ಮಾರುವ ಹಲವು ಸಿರಪ್ಪುಗಳಲ್ಲಿ ಟರ್ಬುಟಲಿನ್ ಎಂಬ ಔಷಧ ಇರುತ್ತದೆ, ಅದು ಕ್ರೀಡಾಪಟುಗಳಿಗೆ ನಿಷೇಧಿತ ಪಟ್ಟಿಯಲ್ಲಿದೆ. ಬಾಟಲಿಯ ಹಿಂದಿನ ಸಣ್ಣಕ್ಷರ ಓದಿ, ಡಾಕ್ಟರಿಗೆ ‘ನಾನು ಸ್ಪರ್ಧೆಗೆ ಓಡುವವನು’ ಎಂದು ಮೊದಲೇ ತಿಳಿಸಿ.

ಪ್ರಶ್ನೆ: ಯುವಕ ಸಂಘದಿಂದ ಹೊನಲು ಬೆಳಕಿನ ಕಬಡ್ಡಿ ಮಾಡ್ತೀವಿ. ಹೋದ ವರ್ಷ ಫ್ಲೆಕ್ಸು, ಸ್ಟೇಜು, ಹಾರ ತುರಾಯಿಗೇ ದುಡ್ಡೆಲ್ಲ ಹೋಯ್ತು. ಬಹುಮಾನ ದೊಡ್ಡದಿಟ್ಟರೆ ಹೊರಗಿನ ಆಟಗಾರರನ್ನ ಕರ್ಕೊಂಡು ಬರ್ತಾರೆ, ಊರ ಹುಡುಗರು ಬೆಂಚಲ್ಲಿ ಕೂರ್ತಾರೆ.
– ಚಿಂತಾಮಣಿ ತಾಲ್ಲೂಕು

ಬಹುಮಾನವನ್ನು ಒಡೆಯಿರಿ. ಮೊದಲ ಬಹುಮಾನಕ್ಕೆ ಇಟ್ಟಿದ್ದರಲ್ಲಿ ಅರ್ಧ ತೆಗೆದು, ಬಂದ ಪ್ರತಿ ತಂಡಕ್ಕೂ ಬಸ್ ಚಾರ್ಜು, ಊಟ ಕೊಡಿ. 12 ಜನರ ತಂಡದಲ್ಲಿ ಹೊರಗಿನವರು ಇಬ್ಬರೇ ಎಂದು ನಿಯಮ ಮಾಡಿ, ಆಧಾರ್ ನೋಡಿ ಹೆಸರು ಬರೆದುಕೊಳ್ಳಿ. ಗಂಡಸರ ಮಿತಿ 85 ಕೆ.ಜಿ., ತಕ್ಕಡಿಯನ್ನು ಮೈದಾನದಲ್ಲೇ ಎಲ್ಲರ ಮುಂದೆ ಇಡಿ. ತೂಕದ ಜಗಳವೇ ಅರ್ಧ ಟೂರ್ನಮೆಂಟ್ ಕೆಡಿಸುವುದು.

ಅಂಕಣ 13ಕ್ಕೆ 10 ಮೀಟರ್. ಮ್ಯಾಟ್ ಬಾಡಿಗೆ ದುಬಾರಿಯಾದರೆ ಮಣ್ಣೇ ಇರಲಿ: ಅಗೆದು, ಜರಡಿ ಹಿಡಿದು, ಮರದ ಹೊಟ್ಟು ಬೆರೆಸಿ, ಹಿಂದಿನ ಸಂಜೆ ನೀರು ಚಿಮುಕಿಸಿ. ಒಂದು ಕಲ್ಲು ಉಳಿದರೂ ಯಾರದೋ ಮಂಡಿಚಿಪ್ಪಿಗೆ ಕುತ್ತು. ಲೈಟಿನ ಕಂಬ ಗೆರೆಯಿಂದ ನಾಲ್ಕು ಮೀಟರಾದರೂ ದೂರ ಇರಲಿ, ಬುಡಕ್ಕೆ ಹುಲ್ಲಿನ ಮೂಟೆ ಕಟ್ಟಿ. ಐಸು, ಪಟ್ಟಿ, ಮುರಿದ ಕೈಗೆ ಕಟ್ಟಲು ಹಲಗೆ ಸಿದ್ಧವಿರಲಿ, 108 ವಾಹನ ಒಳಗೆ ಬರಲು ದಾರಿ ಬಿಟ್ಟಿರಿ.

ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ, ಬಟ್ಟೆಯ ಬ್ಯಾನರ್ ಒಂದು ಸಾಕು. ಅತಿಥಿಗಳ ಭಾಷಣ ಫೈನಲ್ಲಿಗೆ ಮುಂಚೆ ಇಡಬೇಡಿ. ರಾತ್ರಿ ಹತ್ತಕ್ಕೆ ಮೈಕು ನಿಲ್ಲಿಸಲೇಬೇಕು. 20 ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ವಿರಾಮ ಎಂದರೆ ಪಂದ್ಯಕ್ಕೆ ಮುಕ್ಕಾಲು ಗಂಟೆ, ಟೈಮ್ ಔಟ್ ಸೇರಿ ಒಂದು ಗಂಟೆ. ಎಂಟೂವರೆಗೆ ಫೈನಲ್ ಶುರುವಾದರೆ ಬಹುಮಾನ ಕೊಟ್ಟು ಮುಗಿಸಲು ಅರ್ಧ ಗಂಟೆ ಉಳಿಯುತ್ತದೆ. ಆಗ ಎಷ್ಟು ಭಾಷಣ ಬೇಕಾದರೂ ಆಗಲಿ.