ಯುಪಿಎಸ್‌ನಲ್ಲಿ ಒಂದೇ ಬ್ಯಾಟರಿ ಬದಲಿಸಿದರೆ ಸಾಕಾ?

ತುಮಕೂರಲ್ಲಿ ಸೆಕೆಂಡ್ ಹ್ಯಾಂಡ್ ಯುಪಿಎಸ್ ತಗೊಂಡಿದ್ದೀರಿ, ಒಳಗಿನ ಎರಡು ಬ್ಯಾಟರಿಯಲ್ಲಿ ಒಂದು ಉಬ್ಬಿದೆ, ಅದೊಂದನ್ನೇ ಬದಲಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು ಸರ್, ಎರಡನ್ನೂ ಬದಲಿಸಿ. 12 ವೋಲ್ಟ್‌ನ ಎರಡನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಸೇರಿಸಿ 24 ಮಾಡಿರುತ್ತಾರೆ. ಹಳೆಯದು ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ಅದರ ಸಹವಾಸದಲ್ಲಿ ಹೊಸದೂ ಕೆಡುತ್ತದೆ. ದುಡ್ಡು ಉಳಿಸೋಕೆ ಹೋಗಿ ನಾನೂ ಒಂದೇ ಹಾಕಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಎರಡೂ ಹೋದವು!

ಬಿಚ್ಚುವ ಮೊದಲು ಯುಪಿಎಸ್ ಆಫ್ ಮಾಡಿ, ಪ್ಲಗ್ ಕಿತ್ತು, ವೈರ್‌ಗಳ ಫೋಟೋ ತೆಗೆದುಕೊಳ್ಳಿ. ಉಬ್ಬಿದ್ದು ಡಬ್ಬದೊಳಗೆ ಕಚ್ಚಿಕೊಂಡಿರುತ್ತದೆ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಹೊಸದು ಕೊಳ್ಳುವಾಗ ಟರ್ಮಿನಲ್ (ವೈರ್ ಸಿಕ್ಕಿಸುವ ಲೋಹದ ಪಟ್ಟಿ) ಅಗಲ ನೋಡಿ, 4.8 ಮಿ.ಮೀ., 6.3 ಮಿ.ಮೀ. ಎರಡೂ ಬರುತ್ತವೆ. ಕೊನೇ ವೈರ್ ಸಿಕ್ಕಿಸುವಾಗ ಸಣ್ಣ ಕಿಡಿ ಹಾರಿದರೆ ಗಾಬರಿ ಬೇಡ. ಹಳೇ ಜೋಡಿಯನ್ನು ಕಸಕ್ಕೆ ಹಾಕದೆ ಬ್ಯಾಟರಿ ಅಂಗಡಿಗೇ ಕೊಡಿ, ಒಳಗೆ ಸೀಸ ಇರುತ್ತದೆ ಅಲ್ವಾ.